ಅಂಗೈ ಅಗಲದ ಕಂಪ್ಯೂಟರ್, 16 ಟಿಬಿ, ಬೆಲೆ 9,999: ಡೀಲರ್‌ಶಿಪ್‌ಗೆ ದುಡ್ಡು ಕಟ್ಟಬಹುದೇ?

ಪ್ರಶ್ನೆ: ಸರ್, ನಾನು ಗಂಗಾವತಿಯಲ್ಲಿ ಸಣ್ಣ ಡಿಟಿಪಿ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ನಡೆಸುತ್ತೇನೆ. ನನ್ನ ತಮ್ಮನ ಮೊಬೈಲಿಗೆ ಒಂದು ಹೊಸ ಕಂಪನಿಯ ಜಾಹೀರಾತು ಬಂದಿದೆ. ಅಂಗೈ ಅಗಲದ ಕಂಪ್ಯೂಟರ್ ಅಂತೆ. 64 ಜಿಬಿ ರ‍್ಯಾಮ್, 16 ಟಿಬಿ ಎಸ್‌ಎಸ್‌ಡಿ (ಫೈಲ್ ಉಳಿಸುವ ಡಿಸ್ಕ್), ಇಂಟೆಲ್‌ನ ಐ9 ಚಿಪ್‌ಗಿಂತ ಜಾಸ್ತಿ ವೇಗ. ಫ್ಯಾನ್ ಇಲ್ಲ. 10,000 ಎಂಎಎಚ್ ಬ್ಯಾಟರಿಯಲ್ಲಿ ಮೂರು ದಿನ ಓಡುತ್ತದಂತೆ. ಬೆಲೆ 9,999 ರೂಪಾಯಿ. ಮಾಲು ಬರೋದು ಆರು ತಿಂಗಳ ಮೇಲೆ, ಆದರೆ ಈಗ ಎರಡು ಲಕ್ಷ ಕಟ್ಟಿದರೆ ಕೊಪ್ಪಳ ಜಿಲ್ಲೆಯ ಡೀಲರ್‌ಶಿಪ್ ಕೊಡುತ್ತಾರಂತೆ. ತಮ್ಮ ಆಗಲೇ 5,000 ಟೋಕನ್ ಹಣ ಕಳಿಸಿದ್ದಾನೆ. ಉಳಿದದ್ದಕ್ಕೆ ಅವ್ವನ ಬಂಗಾರ ಅಡ ಇಡೋಣ ಅನ್ನುತ್ತಾನೆ. ನನಗೆ ಅನುಮಾನ ಇದೆ. ಕೇಳಿದರೆ, "ಆಪಲ್‌ನವರು ಫ್ಯಾನ್ ಇಲ್ಲದ ಲ್ಯಾಪ್‌ಟಾಪ್ ಮಾಡಲಿಲ್ವಾ? ಹೊಸದು ಏನೇ ಬಂದರೂ ಜನ ಮೊದಲು ಸುಳ್ಳು ಅಂತಾರೆ" ಅನ್ನುತ್ತಾನೆ. ಡೆಮೊ ವಿಡಿಯೊ ಬೇರೆ ಇದೆ. ಅದರಲ್ಲಿ ಎಲ್ಲ ಸರಿಯಾಗಿಯೇ ಓಡುತ್ತದೆ. ನಾನು ಕಂಪ್ಯೂಟರ್ ಓದಿದವಳಲ್ಲ. ಅವನಿಗೆ ಏನಂತ ಹೇಳಲಿ? (ಓದುಗರು, ಗಂಗಾವತಿ)

ಉತ್ತರ: ನೇರವಾಗಿ ಹೇಳುತ್ತೇನೆ. ಎರಡು ಲಕ್ಷ ಕಟ್ಟಬೇಡಿ. ಅವ್ವನ ಬಂಗಾರ ಮನೆಯಲ್ಲೇ ಇರಲಿ. ಜಾಹೀರಾತಿನಲ್ಲಿ ಹೇಳಿರುವಂಥ ಕಂಪ್ಯೂಟರನ್ನು ಆ ಗಾತ್ರದಲ್ಲಿ, ಆ ಬ್ಯಾಟರಿಯ ಮೇಲೆ, ಆ ಬೆಲೆಗೆ ಇವತ್ತು ಯಾರೂ ಮಾಡಲಾರರು.

ಟೋಕನ್ ಹಣ ಕಳಿಸಿ ಎಷ್ಟು ದಿನ ಆಯಿತು ಎಂದು ನೀವು ಬರೆದಿಲ್ಲ. ಅದರ ಬಗ್ಗೆ ಕೊನೆಯಲ್ಲಿ ಬರೆದಿದ್ದೇನೆ. ನಿನ್ನೆ ಮೊನ್ನೆ ಕಳಿಸಿದ್ದರೆ ಮೊದಲು ಆ ಭಾಗ ಓದಿ, ಆ ಕೆಲಸ ಮುಗಿಸಿ ಇಲ್ಲಿಗೆ ಬನ್ನಿ.

ನಿಮ್ಮ ಚಿಂತೆ ಬರೀ ದುಡ್ಡಿನದಲ್ಲ ಅಂತ ಪತ್ರ ಓದಿದರೆ ಗೊತ್ತಾಗುತ್ತದೆ. ಓದಿಲ್ಲದ ವಿಷಯದಲ್ಲಿ ತಮ್ಮನಿಗೆ ಅಡ್ಡ ಬರುತ್ತಿದ್ದೇನಾ ಎಂಬ ಅಳುಕೂ ಇದೆ. ಆ ಅಳುಕು ಬೇಡ. ಇದನ್ನು ಅಳೆಯಲು ಇಂಜಿನಿಯರಿಂಗ್ ಓದಿರಬೇಕಾಗಿಲ್ಲ. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಮೊದಲು ತಮ್ಮನ ಮಾತು ನೋಡೋಣ, ಅದರಲ್ಲಿ ಸತ್ಯವೂ ಇದೆ. 1956ರಲ್ಲಿ ಐಬಿಎಂ ಮಾರಿದ ಮೊದಲ ಹಾರ್ಡ್ ಡಿಸ್ಕ್ ಒಂದು ಟನ್ನಿಗಿಂತ ಜಾಸ್ತಿ ಭಾರ ಇತ್ತು. ಅದರಲ್ಲಿ ಹಿಡಿಯುತ್ತಿದ್ದದ್ದು ಸುಮಾರು 5 ಎಂಬಿ, ಅಂದರೆ ಇವತ್ತಿನ ಒಂದೆರಡು ಫೋಟೊ. ಈಗ ಉಗುರಿನಷ್ಟು ಮೆಮೊರಿ ಕಾರ್ಡಿನಲ್ಲಿ 2 ಟಿಬಿ, ಅಂದರೆ ಸುಮಾರು 2,000 ಜಿಬಿ ಬರುತ್ತದೆ, ಅದು ಸುಳ್ಳಲ್ಲ. ಹಾಗಾಗಿ "ಇಷ್ಟು ಚಿಕ್ಕದರಲ್ಲಿ ಅಷ್ಟು ಹೇಗೆ ಸಾಧ್ಯ" ಎಂಬ ಆಶ್ಚರ್ಯ ಮಾತ್ರಕ್ಕೆ ಯಾವುದನ್ನೂ ಸುಳ್ಳು ಅನ್ನಬಾರದು.

ಆಪಲ್ ವಿಷಯವೂ ನಿಜ. 2020ರ ನವೆಂಬರ್ 10ರಂದು ಅವರು ಎಂ1 ಚಿಪ್ ಘೋಷಿಸಿದರು. ಫ್ಯಾನ್ ಇಲ್ಲದ ಮ್ಯಾಕ್‌ಬುಕ್ ಏರ್ ಬಂತು. ವೇಗದ ಬಗ್ಗೆ ಅವರು ಹೇಳಿದ್ದನ್ನು ತುಂಬಾ ಜನ ನಂಬಲಿಲ್ಲ. ಆದರೆ ಮುಂದಿನದು ಗಮನಿಸಿ. ಒಂದೇ ವಾರದಲ್ಲಿ ಆ ಲ್ಯಾಪ್‌ಟಾಪ್ ಗಿರಾಕಿಗಳ ಕೈಯಲ್ಲಿತ್ತು. ಆಪಲ್‌ಗೆ ಸಂಬಂಧವೇ ಇಲ್ಲದವರು ಕೊಂಡು, ಅಳೆದು, ಅಂಕಿ ಪ್ರಕಟಿಸಿದರು. ಅನುಮಾನ ಪಟ್ಟವರು ಆ ಅಂಕಿ ನೋಡಿ ಒಪ್ಪಿಕೊಂಡರು. ಹಾಗೆ ಅಂತ ಆ ಯಂತ್ರ ಪವಾಡವನ್ನೂ ಮಾಡಿರಲಿಲ್ಲ. ರ‍್ಯಾಮ್ ಹೆಚ್ಚೆಂದರೆ 16 ಜಿಬಿ ಇತ್ತು. ತುಂಬಾ ಹೊತ್ತು ಭಾರದ ಕೆಲಸ ಕೊಟ್ಟರೆ, ಫ್ಯಾನ್ ಇಲ್ಲದ್ದರಿಂದ ವೇಗ ಸ್ವಲ್ಪ ಇಳಿಯುತ್ತಿತ್ತು. ಬೆಲೆಯೂ ಹತ್ತು ಸಾವಿರ ಆಗಿರಲಿಲ್ಲ. ತಮ್ಮನಿಗೆ ಇಷ್ಟು ಕೇಳಿ: ನಿನ್ನ ಕಂಪನಿಯ ಯಂತ್ರವನ್ನು ಕಂಪನಿಯ ಹೊರಗಿನ ಒಬ್ಬರಾದರೂ ಕೊಂಡು ಅಳೆದಿದ್ದಾರಾ?

ಈಗ ಲೆಕ್ಕಕ್ಕೆ ಬರೋಣ. 10,000 ಎಂಎಎಚ್ ಅಂದರೆ 10 ಆಂಪಿಯರ್-ಅವರ್. ಇಂಥ ಬ್ಯಾಟರಿಯ ವೋಲ್ಟೇಜ್ ಸುಮಾರು 3.7. ಎರಡನ್ನೂ ಗುಣಿಸಿದರೆ 37 ವ್ಯಾಟ್-ಅವರ್. ಆ ಬ್ಯಾಟರಿಯೊಳಗೆ ಇರುವ ಒಟ್ಟು ಶಕ್ತಿ ಅಷ್ಟೇ. ಮೂರು ದಿನ ಅಂದರೆ 72 ಗಂಟೆ. ಭಾಗಿಸಿದರೆ ಅರ್ಧ ವ್ಯಾಟ್, ಯಂತ್ರ ಸರಾಸರಿ ಎಳೆಯಬಹುದಾದದ್ದು ಅಷ್ಟೇ. 64 ಜಿಬಿ ರ‍್ಯಾಮ್ ಒಂದಕ್ಕೇ ಅದಕ್ಕಿಂತ ಎಷ್ಟೋ ಪಟ್ಟು ಬೇಕು. ಇನ್ನು ಐ9 ವೇಗ. ಇಂಟೆಲ್‌ನ ಐ9-13900ಕೆ ಎಂಬ ಚಿಪ್ ಪೂರ್ತಿ ಕೆಲಸ ಬಿದ್ದಾಗ 253 ವ್ಯಾಟ್‌ವರೆಗೆ ಎಳೆಯುತ್ತದೆ. ಆ 37ನ್ನು 253ರಿಂದ ಭಾಗಿಸಿ. ಒಂಬತ್ತು ನಿಮಿಷಕ್ಕೆ ಬ್ಯಾಟರಿ ಖಾಲಿ. ಇವರ ಚಿಪ್ ಇಂಟೆಲ್‌ನದಕ್ಕಿಂತ ಹತ್ತು ಪಟ್ಟು ಮಿತವ್ಯಯಿ ಅಂತಲೇ ಇಟ್ಟುಕೊಳ್ಳಿ. ಆಗಲೂ ಒಂದೂವರೆ ಗಂಟೆ. ಮೂರು ದಿನ ಎಲ್ಲಿಂದ ಬರಬೇಕು? ನಿಮ್ಮ ಊರು ಭತ್ತದ ಊರು, ಹೀಗೆ ಹೇಳಿದರೆ ತಮ್ಮನಿಗೆ ಬೇಗ ತಿಳಿಯಬಹುದು: ಒಂದು ಕ್ವಿಂಟಲ್ ಭತ್ತ ಹಾಕಿ ಎರಡು ಕ್ವಿಂಟಲ್ ಅಕ್ಕಿ ತೆಗೆಯುವ ಮಿಲ್ ಬಂದಿದೆ ಅಂದರೆ, ಆ ಮಿಲ್ಲಿನ ಒಳಗೆ ಏನಿದೆ ಅಂತ ನೋಡುವ ಅಗತ್ಯವೇ ಇಲ್ಲ.

ಫ್ಯಾನ್ ಇಲ್ಲದ ಮಾತು ನಮ್ಮ ಕಡೆ ಇನ್ನೂ ಮುಖ್ಯ. ಕಂಪ್ಯೂಟರ್ ಎಳೆಯುವ ಕರೆಂಟೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಆ ಶಾಖ ಹೊರಗೆ ಹೋಗಲೇಬೇಕು. ಫ್ಯಾನ್ ಇಲ್ಲದಿದ್ದರೆ ಡಬ್ಬಿಯ ಮೈಯಿಂದ ಸುತ್ತಲಿನ ಗಾಳಿಗೆ ತಾನಾಗಿ ಹೋಗಬೇಕು. ಎಷ್ಟು ಹೋಗುತ್ತದೆ ಎಂಬುದು ಡಬ್ಬಿಗೂ ಗಾಳಿಗೂ ಇರುವ ಬಿಸಿಯ ವ್ಯತ್ಯಾಸದ ಮೇಲೆ ನಿಂತಿದೆ. ಹನ್ನೆರಡು ಸೆಂಟಿಮೀಟರ್ ಉದ್ದ ಅಗಲ, ನಾಲ್ಕು ಸೆಂಟಿಮೀಟರ್ ದಪ್ಪದ ಡಬ್ಬಿ ಅಂದುಕೊಳ್ಳಿ. ಕೈ ಇಡಲು ಆಗಬೇಕಾದರೆ ಮೈ 50 ಡಿಗ್ರಿ ದಾಟಬಾರದು. ಎಸಿ ಇರುವ 25 ಡಿಗ್ರಿಯ ಕೋಣೆಯಲ್ಲಿ ಅದು ಸುಮಾರು 12 ವ್ಯಾಟ್ ಶಾಖ ಬಿಡಬಲ್ಲದು. ಅದೇ ಡಬ್ಬಿಯನ್ನು ಮೇ ತಿಂಗಳಲ್ಲಿ ರಾಯಚೂರಿನ 42 ಡಿಗ್ರಿಯ ಅಂಗಡಿಯಲ್ಲಿ ಇಟ್ಟರೆ, ವ್ಯತ್ಯಾಸ ಉಳಿಯುವುದು ಎಂಟೇ ಡಿಗ್ರಿ. ಬಿಡಬಲ್ಲ ಶಾಖ ನಾಲ್ಕು ವ್ಯಾಟಿಗೆ ಇಳಿಯುತ್ತದೆ. ನಾಲ್ಕು ವ್ಯಾಟಿನಲ್ಲಿ ಒಂದು ಮೊಬೈಲ್ ಫೋನಿನಷ್ಟು ಕೆಲಸ ಆಗುತ್ತದೆ, ಐ9ನ ಕೆಲಸ ಆಗುವುದಿಲ್ಲ. ನಾನು ಬಳ್ಳಾರಿಯಲ್ಲಿ ಕಂಪ್ಯೂಟರ್ ಸರ್ವಿಸ್ ಮಾಡುವವನು. ಜೀನ್ಸ್ ಹೊಲಿಯುವ ಘಟಕಗಳಿಂದ, ಸ್ಟುಡಿಯೊಗಳಿಂದ, ಶಾಲೆಗಳಿಂದ ಯಂತ್ರಗಳು ಬರುತ್ತವೆ. ಮಾರ್ಚ್ ಕಳೆದರೆ ಸಾಕು, "ತಾನಾಗಿ ಆಫ್ ಆಗುತ್ತಿದೆ" ಎಂಬ ದೂರು ಜಾಸ್ತಿಯಾಗುತ್ತದೆ. ಒಳ್ಳೆಯ ಕಂಪನಿಯ, ದೊಡ್ಡ ಫ್ಯಾನಿನ ಯಂತ್ರಗಳ ಕಥೆಯೇ ಇದು. ಜಾಹೀರಾತು ಬರೆದವರು ನಮ್ಮ ಬಿಸಿಲಿನಲ್ಲಿ ಒಂದು ದಿನವೂ ಯಂತ್ರ ಓಡಿಸಿಲ್ಲ ಅಂತ ನನಗೆ ಅನಿಸುತ್ತದೆ.

ಬೆಲೆಯ ಲೆಕ್ಕ ಇನ್ನೂ ಸುಲಭ. ಜಗತ್ತಿನ ರ‍್ಯಾಮ್ ಚಿಪ್‌ಗಳಲ್ಲಿ ಬಹುಪಾಲು ಮಾಡುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಕಂಪನಿ. ಎಸ್‌ಎಸ್‌ಡಿ ಒಳಗಿನ ಚಿಪ್ ಮಾಡುವವರೂ ಕೈಬೆರಳಲ್ಲಿ ಎಣಿಸುವಷ್ಟು ಜನ. ಹೊಸ ಕಂಪನಿ ಎಷ್ಟೇ ಜಾಣ ಇರಲಿ, ಚಿಪ್ಪನ್ನು ಇವರ ಹತ್ತಿರವೇ ಕೊಳ್ಳಬೇಕು. 2025ರ ಕೊನೆಯ ಹೊತ್ತಿಗೆ ಎಐ ಸರ್ವರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿತು. ನಿಮ್ಮ ಊರಿನ ಯಾವುದೇ ಅಂಗಡಿಯಲ್ಲಿ 64 ಜಿಬಿ ರ‍್ಯಾಮಿನ ಬೆಲೆ ಕೇಳಿ ನೋಡಿ. ಹೆಸರಿರುವ ಕಂಪನಿಯ 8 ಟಿಬಿ ಎಸ್‌ಎಸ್‌ಡಿ ಬೆಲೆಯನ್ನೂ ಕೇಳಿ. ಅದೊಂದೇ ಹತ್ತಾರು ಸಾವಿರ ಆಗುತ್ತದೆ, ಅದೂ ಇವರು ಹೇಳುವುದರ ಅರ್ಧ. ಒಳಗಿನ ಸಾಮಾನಿನ ಬೆಲೆಗಿಂತ ಎಷ್ಟೋ ಕಡಿಮೆಗೆ ಇಡೀ ಕಂಪ್ಯೂಟರ್ ಮಾರುತ್ತೇವೆ ಅನ್ನುವವರಿಗೆ ಲಾಭ ಬೇರೆಲ್ಲಿಂದಲೋ ಬರಬೇಕು. ಇಲ್ಲಿ ಅದು ಡೀಲರ್ ಕಟ್ಟುವ ಎರಡು ಲಕ್ಷದಿಂದ.

16 ಟಿಬಿ ಎಂಬ ಅಂಕಿ ನನಗೆ ತುಂಬಾ ಪರಿಚಯದ್ದು. ಆನ್‌ಲೈನಿನಲ್ಲಿ ಒಂದೆರಡು ಸಾವಿರಕ್ಕೆ "16 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ" ಕೊಂಡು, ಮದುವೆ ಫೋಟೊ ತುಂಬಿ, ಆಮೇಲೆ ಅಳುತ್ತಾ ಬರುವ ಸ್ಟುಡಿಯೊದವರನ್ನು ನೋಡಿದ್ದೇನೆ. ಬಿಚ್ಚಿದರೆ ಒಳಗೆ ಒಂದು ಚಿಕ್ಕ ಯುಎಸ್‌ಬಿ ಬೋರ್ಡ್, ಅದರಲ್ಲಿ 64 ಅಥವಾ 128 ಜಿಬಿಯ ಮೆಮೊರಿ ಕಾರ್ಡ್. ಕಂಪ್ಯೂಟರ್ ಕೇಳಿದಾಗ "ನಾನು 16 ಟಿಬಿ" ಅಂತ ಉತ್ತರ ಕೊಡುವ ಹಾಗೆ ಅದರ ಫರ್ಮ್‌ವೇರನ್ನು, ಅಂದರೆ ಬೋರ್ಡಿನೊಳಗೇ ಕೂರಿಸಿದ ತಂತ್ರಾಂಶವನ್ನು ತಿದ್ದಿರುತ್ತಾರೆ. ವಿಂಡೋಸ್ ಅದನ್ನೇ ನಂಬಿ ತೋರಿಸುತ್ತದೆ. ಮೊದಲ 128 ಜಿಬಿ ಸರಿಯಾಗಿ ಕೂರುತ್ತದೆ. ಆಮೇಲೆ ಹಾಕಿದ್ದು ಹಳೆಯದರ ಮೇಲೆ ಬರೆಯುತ್ತದೆ, ಇಲ್ಲವೇ ಎಲ್ಲೂ ಉಳಿಯುವುದಿಲ್ಲ. ಫೈಲಿನ ಹೆಸರು ಕಾಣುತ್ತದೆ, ತೆರೆದರೆ ಏನೂ ಇರುವುದಿಲ್ಲ. ಹೋದ ಫೋಟೊ ವಾಪಸ್ ತೆಗೆಯಲು ನನ್ನಿಂದಲೂ ಆಗುವುದಿಲ್ಲ, ಯಾಕೆಂದರೆ ಅವು ಅಲ್ಲಿ ಬರೆದೇ ಇಲ್ಲ. ಮದುಮಕ್ಕಳ ಮನೆಯವರಿಗೆ ಆ ಸ್ಟುಡಿಯೊದವರು ಏನು ಹೇಳಬೇಕು ಹೇಳಿ? ಇಂಥದ್ದನ್ನು ಪರೀಕ್ಷೆಗಾಗಿ ಪೂರ್ತಿ ತುಂಬಲಿಕ್ಕೇ ಸೆಕೆಂಡಿಗೆ 30 ಎಂಬಿ ವೇಗದಲ್ಲಿ ಆರು ದಿನ ಬೇಕು. ಅಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ ಅಂತ ಮಾರುವವರಿಗೆ ಗೊತ್ತು. ಆದರೆ ಪೂರ್ತಿ ತುಂಬಬೇಕಾಗಿಲ್ಲ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ 300 ಜಿಬಿ ಬರೆದು ವಾಪಸ್ ಓದಿಸಿದರೆ, ಇಂಥ ಬಹುಪಾಲು ನಕಲಿಗಳು ಸಿಕ್ಕಿಬೀಳುತ್ತವೆ.

ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಬಿಡಿಸುತ್ತೇನೆ. 1 ಟಿಬಿ ಡಿಸ್ಕ್ ಕೊಂಡರೆ ವಿಂಡೋಸಿನಲ್ಲಿ 931 ಜಿಬಿ ಕಾಣುತ್ತದೆ. ಅದು ಮೋಸ ಅಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1,024ರ ಲೆಕ್ಕದಲ್ಲಿ. ಇದಕ್ಕೆ ಅಂಗಡಿಯವರ ಜೊತೆ ಜಗಳ ಬೇಡ.

ವಿಡಿಯೊ ಬಗ್ಗೆ. ಪರದೆಯ ಮೇಲೆ ಏನೋ ವೇಗವಾಗಿ ಓಡಿತು ಅಂದರೆ, ಅದು ಆ ಡಬ್ಬಿಯೊಳಗೇ ಓಡಿತು ಅಂತ ಅಲ್ಲ. ಬೇರೆ ಕೋಣೆಯಲ್ಲಿರುವ ದೊಡ್ಡ ಕಂಪ್ಯೂಟರಿನ ಪರದೆಯನ್ನು ವೈಫೈ ಮೂಲಕ ಇಲ್ಲಿ ತೋರಿಸುವುದು ಹತ್ತು ನಿಮಿಷದ ಕೆಲಸ. ಪ್ರೊಸೆಸರ್ ಹೆಸರನ್ನೂ ವಿಂಡೋಸಿನ ರಿಜಿಸ್ಟ್ರಿಯಲ್ಲಿ (ಅದರ ಸೆಟ್ಟಿಂಗ್ ಉಳಿಸುವ ಜಾಗ) ತಿದ್ದಿ ಬೇಕಾದ ಹಾಗೆ ತೋರಿಸಬಹುದು. ಹಾಗಾಗಿ ವಿಡಿಯೊ ಪುರಾವೆ ಅಲ್ಲ. ಇಂಟರ್‌ನೆಟ್ ಕಿತ್ತು, ನಿಮ್ಮ ಪೆನ್‌ಡ್ರೈವಿನಲ್ಲಿ ನಿಮ್ಮದೇ ಫೈಲ್ ಹಾಕಿ, ನಿಮ್ಮ ಕಣ್ಣೆದುರು ಒಂದು ಗಂಟೆ ಓಡಿಸಿದರೆ ಅದು ಪುರಾವೆ.

ಇಂಥ ಘೋಷಣೆಗಳೆಲ್ಲ ಒಂದೇ ಜಾತಿಯವಲ್ಲ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2016ರ ಫೆಬ್ರವರಿಯಲ್ಲಿ ಬಂದ ಫ್ರೀಡಂ 251 ನಿಮಗೆ ನೆನಪಿರಬಹುದು. ನೋಯ್ಡಾದ ರಿಂಗಿಂಗ್ ಬೆಲ್ಸ್ ಎಂಬ ಕಂಪನಿ 251 ರೂಪಾಯಿಗೆ ಸ್ಮಾರ್ಟ್‌ಫೋನ್ ಕೊಡುತ್ತೇವೆ ಅಂತು. ಆಗ ಮೊಬೈಲ್ ಉದ್ಯಮದವರ ಸಂಘ, ಅಂಥ ಫೋನಿನ ಸಾಮಾನಿಗೇ ಸುಮಾರು 2,700 ರೂಪಾಯಿ ಆಗುತ್ತದೆ ಎಂದು ಲೆಕ್ಕ ಕೊಟ್ಟಿತ್ತು. ಪತ್ರಕರ್ತರಿಗೆ ಕೊಟ್ಟ ಫೋನಿನ ಮೇಲೆ ಆಡ್‌ಕಾಂ ಎಂಬ ಬೇರೆ ಕಂಪನಿಯ ಹೆಸರನ್ನು ಬಿಳಿ ಬಣ್ಣದಿಂದ ಮುಚ್ಚಿದ್ದರು. ಆದರೂ ಕೋಟಿಗಟ್ಟಲೆ ಜನ ಹೆಸರು ನೋಂದಾಯಿಸಿದ್ದಾರೆ ಎಂದು ಕಂಪನಿ ಹೇಳಿಕೊಂಡಿತು. ನಿಮ್ಮ ತಮ್ಮ ಗಮನಿಸಬೇಕಾದದ್ದು ಮುಂದಿನದನ್ನು. 2017ರಲ್ಲಿ ಕಂಪನಿಯ ಮುಖ್ಯಸ್ಥರ ಬಂಧನ ಆಗಿದ್ದು ಒಬ್ಬ ಸಾಮಾನ್ಯ ಗಿರಾಕಿಯ ದೂರಿನ ಮೇಲಲ್ಲ. 30 ಲಕ್ಷ ಕಟ್ಟಿದ್ದೇವೆ, ಮಾಲು, ಹಣ ಎರಡೂ ಸೇರಿ ಅದರ ಅರ್ಧದಷ್ಟೂ ಬಂದಿಲ್ಲ ಎಂದು ಗಾಜಿಯಾಬಾದಿನ ಒಬ್ಬ ಡಿಸ್ಟ್ರಿಬ್ಯೂಟರ್ ಕೊಟ್ಟ ದೂರಿನ ಮೇಲೆ. ಗಿರಾಕಿಗೆ ಹೋಗುವುದು 251 ರೂಪಾಯಿ. ಡೀಲರ್‌ಗೆ ಹೋಗುವುದು ಮನೆ.

ಇನ್ನೊಂದು ಜಾತಿ, ನಿಜವಾದ ವಸ್ತುವಿಗೆ ದೊಡ್ಡ ಅಂಕಿ ಅಂಟಿಸುವುದು. ಇದನ್ನು ದೊಡ್ಡವರೇ ಮಾಡುತ್ತಾರೆ. 2015ರಲ್ಲಿ ಇಂಟೆಲ್ ಮತ್ತು ಮೈಕ್ರಾನ್ ಹೊಸ ಮೆಮೊರಿ ಘೋಷಿಸಿ, ಎಸ್‌ಎಸ್‌ಡಿ ಚಿಪ್‌ಗಿಂತ ಸಾವಿರ ಪಟ್ಟು ವೇಗ ಅಂದವು. 2017ರಲ್ಲಿ ಆಪ್ಟೇನ್ ಹೆಸರಿನಲ್ಲಿ ಬಂತು. ಒಳ್ಳೆಯ ವಸ್ತುವೇ. ಆದರೆ ಅಳೆದಾಗ ಸ್ಪಂದಿಸುವ ವೇಗ ಸುಮಾರು ಹತ್ತು ಪಟ್ಟು ಇತ್ತು. 2022ರಲ್ಲಿ ಇಂಟೆಲ್ ಆ ವ್ಯಾಪಾರವನ್ನೇ ಮುಚ್ಚಿತು. ನಿಮ್ಮ ಫೋನಿನ ಡಬ್ಬಿಯ ಮೇಲೂ "8 ಜಿಬಿ + 8 ಜಿಬಿ ರ‍್ಯಾಮ್" ಅಂತ ಇರಬಹುದು. ಎರಡನೆಯ ಎಂಟು ರ‍್ಯಾಮ್ ಅಲ್ಲ, ಸ್ಟೋರೇಜಿನ ಒಂದು ತುಂಡು. ರ‍್ಯಾಮಿಗಿಂತ ತುಂಬಾ ನಿಧಾನ.

ಮೂರನೆಯದು ಪ್ರಾಮಾಣಿಕರ ಕನಸು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಇಂಜಿನಿಯರ್‌ಗಳು ಸೇರಿ ಸಿಂಪ್ಯೂಟರ್ ಮಾಡಿದರು. ಬಡವರಿಗೂ ಕೈಗೆಟಕುವ, ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರ್ ಆಗಬೇಕು ಅಂತ ಅವರ ಆಸೆ. ಅದರ ಬಗ್ಗೆ ನನಗೆ ಈಗಲೂ ಗೌರವ ಇದೆ. ಆದರೆ 2004ರಲ್ಲಿ ಮಾರುಕಟ್ಟೆಗೆ ಬಂದಾಗ ಬೆಲೆ ಅಂದುಕೊಂಡಷ್ಟು ಕಡಿಮೆ ಆಗಿರಲಿಲ್ಲ. ಕೆಲವೇ ಸಾವಿರ ಮಾರಾಟವಾದವು. 2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ತಂದ ಆಕಾಶ್ ಟ್ಯಾಬ್ಲೆಟ್ ಕೂಡ ನಿಜವಾದ ಯಂತ್ರವೇ. 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್, ಒತ್ತಿದರೆ ಮಾತ್ರ ಕೇಳುವ ಪರದೆ. ಮಕ್ಕಳು ಓದಲು ಬಳಸುವಷ್ಟು ವೇಗ ಅದಕ್ಕಿರಲಿಲ್ಲ. ಇಲ್ಲಿ ಯಾರೂ ಮೋಸ ಮಾಡಲಿಲ್ಲ. ಆದರೂ, ಇವುಗಳನ್ನು ನಂಬಿ ಯಾರಾದರೂ ಬಂಗಾರ ಅಡ ಇಟ್ಟು ಮಾಲು ತುಂಬಿಸಿದ್ದರೆ ಆ ಬಂಗಾರ ಬಿಡಿಸಿಕೊಳ್ಳುವುದು ಕಷ್ಟವಾಗುತ್ತಿತ್ತು. ಅದಕ್ಕೇ ಹೇಳುತ್ತೇನೆ, ಕಂಪನಿಯವರು ಒಳ್ಳೆಯವರೋ ಕೆಟ್ಟವರೋ ಎಂಬ ಚರ್ಚೆಗೆ ಹೋಗಲೇಬೇಡಿ. ವಸ್ತು ಕೈಗೆ ಬಂದಿದೆಯಾ, ಅಳೆದಾಗಿದೆಯಾ, ಇಷ್ಟೇ ಕೇಳಿ.

ಈಗ ನಿಮ್ಮ ಮುಂದಿರುವ ದಾರಿಗಳು. ತಮ್ಮ ಹಟ ಹಿಡಿದರೆ, ಡೀಲರ್‌ಶಿಪ್ ಬೇಡ, ಒಂದೇ ಒಂದು ಯಂತ್ರ ಕೊಳ್ಳಲಿ. ಅದೂ ಮಾಲು ಬಂದ ಮೇಲೆ ದುಡ್ಡು. ನಷ್ಟ ಆದರೂ ಹತ್ತು ಸಾವಿರಕ್ಕೆ ನಿಲ್ಲುತ್ತದೆ. ಬಂದ ಯಂತ್ರಕ್ಕೆ ಮೇಲೆ ಹೇಳಿದ ಪರೀಕ್ಷೆ ಮಾಡಿಸಿ. ಡಬ್ಬಿಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರಬೇಕು. ನಮ್ಮ ದೇಶದಲ್ಲಿ ಕಂಪ್ಯೂಟರ್, ಅಡಾಪ್ಟರ್, ಪವರ್‌ಬ್ಯಾಂಕ್ ಮಾರಲು ಆ ನೋಂದಣಿ ಕಡ್ಡಾಯ. ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಾರ್ಖಾನೆಯ ಯಾವ ವಸ್ತು ಅಂತ ಬರುತ್ತದೆ. ಕಂಪನಿಯ ಹೆಸರು, ಮಾಡೆಲ್ ತಾಳೆ ಆಗದಿದ್ದರೆ ಬೇರೆಯವರ ಸಂಖ್ಯೆ ಅಂಟಿಸಿದ್ದಾರೆ ಅಂತ ಅರ್ಥ. ತಾಳೆ ಆದರೂ ಅದು ಸುರಕ್ಷತೆಯ ಮಾತು ಮಾತ್ರ. ಐ9 ವೇಗಕ್ಕೆ ಅದು ಸಾಕ್ಷಿ ಅಲ್ಲ. ಜಿಎಸ್‌ಟಿ ನಂಬರ್ ಇದೆ, ಕಂಪನಿ ರಿಜಿಸ್ಟರ್ ಆಗಿದೆ ಎಂಬ ಮಾತಿಗೂ ಅಷ್ಟೇ ಬೆಲೆ ಕೊಡಿ. ಕಾಗದ ಮಾಡಿಸುವುದು ಕಷ್ಟ ಅಲ್ಲ.

ನಿಮಗೆ ಅಂಗಡಿಗೆ ನಿಜವಾಗಿ ಚಿಕ್ಕ, ಕಡಿಮೆ ಕರೆಂಟಿನ ಯಂತ್ರ ಬೇಕಿದ್ದರೆ, ಅದು ಇವತ್ತೇ ಸಿಗುತ್ತದೆ. ಇಂಟೆಲ್‌ನ ಎನ್100 ಚಿಪ್ ಇರುವ ಮಿನಿ ಪಿಸಿಗಳು 2023ರಿಂದ ಮಾರುಕಟ್ಟೆಯಲ್ಲಿವೆ. ಆ ಚಿಪ್ಪಿನ ಲೆಕ್ಕ 6 ವ್ಯಾಟ್. 8 ಅಥವಾ 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಸಾಕು. ಸೇವಾ ಸಿಂಧು ಅರ್ಜಿ, ನುಡಿಯಲ್ಲಿ ಟೈಪಿಂಗ್, ಬಿಲ್, ಸ್ಕ್ಯಾನ್, ಇದಕ್ಕೆಲ್ಲ ಧಾರಾಳ. ಫ್ಯಾನ್ ಇರುವ ಮಾಡೆಲ್ಲನ್ನೇ ತಗೊಳ್ಳಿ, ನಮ್ಮ ಬಿಸಿಲಿಗೆ ಬೇಕು. ಕರೆಂಟ್ ಹೋದಾಗಿನ ಚಿಂತೆಗೆ ಒಂದು ಸಾಧಾರಣ ಯುಪಿಎಸ್ ಹಾಕಿಸಿ. ತಮ್ಮನಿಗೆ ವ್ಯಾಪಾರದ ಹುಮ್ಮಸ್ಸಿದ್ದರೆ ಇಂಥವನ್ನೇ ಒಂದೆರಡು ತಂದು, ಅಂಗಡಿಯಲ್ಲಿ ಓಡಿಸಿ ತೋರಿಸಿ ಮಾರಬಹುದು. ಲಾಭ ಸಣ್ಣದು, ಆದರೆ ಮಾಲು ಕಣ್ಣೆದುರಿಗಿರುತ್ತದೆ.

ಇನ್ನು 5,000 ರೂಪಾಯಿ. ಹಣ ಕಳಿಸಿದ ಬ್ಯಾಂಕಿಗೆ ತಕ್ಷಣ ತಿಳಿಸಿ. ಮೋಸ ಅಂತ ಅನುಮಾನ ಇದ್ದರೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ಅಪರಾಧದ ಸಹಾಯವಾಣಿ. ಬೇಗ ಮಾಡಿದಷ್ಟೂ ಹಣ ಮುಂದಿನ ಖಾತೆಗೆ ಹೋಗುವ ಮೊದಲು ತಡೆಯುವ ಅವಕಾಶ ಜಾಸ್ತಿ. ಹಣ ಕಳಿಸಿದ ದಾಖಲೆ, ವಾಟ್ಸ್‌ಆ್ಯಪ್ ಮಾತುಕತೆ, ಜಾಹೀರಾತು, ವಿಡಿಯೊ ಎಲ್ಲವನ್ನೂ ಉಳಿಸಿಕೊಳ್ಳಿ. ತಮ್ಮ ಸಿಟ್ಟಿನಲ್ಲಿ ಡಿಲೀಟ್ ಮಾಡದ ಹಾಗೆ ನೋಡಿಕೊಳ್ಳಿ. ಗ್ರಾಹಕ ಸಹಾಯವಾಣಿ 1915 ಕೂಡ ಇದೆ. ಆದರೆ ಒಂದು ತೊಡಕು ತಿಳಿದಿರಲಿ. ಬಳಸಲು ಕೊಂಡವರು ಗ್ರಾಹಕರು. ಮರುಮಾರಾಟಕ್ಕೆ ಕೊಳ್ಳುವ ಡೀಲರನ್ನು ಕಾನೂನು ಸಾಮಾನ್ಯವಾಗಿ ಗ್ರಾಹಕ ಎಂದು ನೋಡುವುದಿಲ್ಲ. ಅಂದರೆ ಆ ಎರಡು ಲಕ್ಷ ಕಟ್ಟಿದ ಮೇಲೆ ಗ್ರಾಹಕ ಆಯೋಗದ ಬಾಗಿಲು ಮುಚ್ಚಿರಬಹುದು, ಸಿವಿಲ್ ಕೋರ್ಟು, ಪೊಲೀಸು ಅಂತ ಅಲೆಯಬೇಕಾಗಬಹುದು. ಏನಕ್ಕೇ ಸಹಿ ಹಾಕುವ ಮೊದಲು ಗಂಗಾವತಿಯಲ್ಲೇ ಒಬ್ಬ ವಕೀಲರಿಗೆ ಕಾಗದ ತೋರಿಸಿ.

ತಮ್ಮನ ಜೊತೆ ವಾದಕ್ಕೆ ಇಳಿಯಬೇಡಿ. ಇಬ್ಬರೂ ಕೂತು ಕಂಪನಿಗೆ ಒಂದು ಇಮೇಲ್ ಬರೆಯಿರಿ. "ಡೀಲರ್‌ಶಿಪ್ ಪಡೆಯಲು ನಮಗೆ ಆಸಕ್ತಿ ಇದೆ. ಮೊದಲು ಒಂದು ಯಂತ್ರ ಗಂಗಾವತಿಗೆ ತಂದು, ಇಂಟರ್‌ನೆಟ್ ಇಲ್ಲದೆ, ಚಾರ್ಜರ್ ಇಲ್ಲದೆ, ನಮ್ಮ ಅಂಗಡಿಯಲ್ಲಿ ಒಂದು ದಿನ ಓಡಿಸಿ ತೋರಿಸಿ. ಡಿಸ್ಕನ್ನು ನಮ್ಮ ಪರಿಚಯದ ಸರ್ವಿಸ್‌ನವರು ಪರೀಕ್ಷಿಸುತ್ತಾರೆ. ಬಿಐಎಸ್ ಸಂಖ್ಯೆ ಕಳಿಸಿ. ಮಾಲು ಬರದಿದ್ದರೆ ಠೇವಣಿ ವಾಪಸ್ ಕೊಡುವ ದಿನಾಂಕವನ್ನು ಕರಾರಿನಲ್ಲಿ ಬರೆಯಿರಿ." ಇಷ್ಟು ಸಾಕು. ಹದಿನೈದು ದಿನ ಕಾಯಿರಿ. "ಆಫರ್ ಇವತ್ತೇ ಕೊನೆ, ರಾಯಚೂರಿನವರು ಆಗಲೇ ಕಟ್ಟಿದರು" ಅಂತ ಫೋನ್ ಬಂದರೆ, ಆ ಫೋನನ್ನು ಸ್ಪೀಕರಿಗೆ ಹಾಕಿ ತಮ್ಮನ ಕೈಗೇ ಕೊಡಿ. ಒಂದು ದಿನ ಓಡಿಸಿ ತೋರಿಸುವುದಕ್ಕೆ ಏನು ಕಷ್ಟ ಅಂತ ಅವನೇ ಕೇಳಲಿ. ಯಂತ್ರ ತಂದರೆ ನನಗೆ ತಿಳಿಸಿ, ಯಾವ ಪರೀಕ್ಷೆ ಯಾವ ಕ್ರಮದಲ್ಲಿ ಮಾಡಬೇಕು ಎಂದು ಬರೆದು ಕಳಿಸುತ್ತೇನೆ.